ಸಕ್ರಿ ಎಲ್ಲೆಲ್ಲಿ ಹೋಗಿ ಬಂತು

ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರೂ ಕಡೆಯ ಹೈಸ್ಕೂಲುಗಳಲ್ಲಿ ಕನ್ನಡ ಕಲಿಸಿದವನು ನಾನು. ಕಾರ್ಖಾನೆಗಳು ಕಬ್ಬು ನುರಿಸಲು ಶುರು ಮಾಡಿದವೆಂದರೆ ನಮ್ಮ ಹಿಂದಿನ ಬೆಂಚುಗಳು ಖಾಲಿಯಾಗುತ್ತಿದ್ದವು. ಉಳಿದ ಹುಡುಗರ ಕೈಯಲ್ಲಿ ಕಬ್ಬಿನ ಗಣಿಕೆ, ನೆಲದ ಮೇಲೆಲ್ಲ ಸಿಪ್ಪೆ. ಅಂಥ ಒಂದು ತರಗತಿಯಲ್ಲಿ ತತ್ಸಮ–ತದ್ಭವ ಹೇಳುವಾಗ ಒಬ್ಬ ಎದ್ದು ಕೇಳಿದ್ದ: "ಸರ, ಸಕ್ರಿಯಿಂದ ಶುಗರ್ ಆತೋ, ಶುಗರ್‌ನಿಂದ ಸಕ್ರಿ ಆತೋ?" ಪಠ್ಯದಲ್ಲಿ ಇಲ್ಲದ ಈ ಪ್ರಶ್ನೆಗೆ ಉತ್ತರ ಕೊಡುತ್ತ ಕೊಡುತ್ತ ಮಾತಿನ ಮೂಲ ಹುಡುಕುವ ಕಸುಬು ನನಗೆ ಅಂಟಿತು. ಈಗ ಕೆಲಸಕ್ಕೆ ಸೇರುತ್ತಿರುವ ಕನ್ನಡ ಮಾಸ್ತರುಗಳಿಗೆ ಉಪಯೋಗಕ್ಕೆ ಬರಬಹುದೆಂದು ಕೆಲವು ಪಾಠ ಬರೆದಿದ್ದೇನೆ. ಉದಾಹರಣೆಗೆ ಬಹುಪಾಲು ಸಕ್ಕರೆಯನ್ನೇ ತೆಗೆದುಕೊಂಡಿದ್ದೇನೆ. ನಮ್ಮ ಕಡೆ ಅದಕ್ಕೇನು ಬರವಿಲ್ಲ.

1. ಪುಸ್ತಕದ ರೂಪ ಆಮೇಲೆ, ಬಾಯಿಯ ರೂಪ ಮೊದಲು

ನಿಘಂಟಿನಲ್ಲಿ ಸಕ್ಕರೆ, ಬಾಯಲ್ಲಿ ಸಕ್ರಿ. ನಿಘಂಟಿನಲ್ಲಿ ಶಾಲೆ, ಬಾಯಲ್ಲಿ ಸಾಲಿ. ಮನೆ ಮನಿ, ಬಾಳೆ ಬಾಳಿ. ಹುಡುಗ ಸಕ್ರಿ ಅಂದ ಕೂಡಲೇ "ಸಕ್ಕರೆ ಅನ್ನು" ಎಂದು ತಿದ್ದುವ ಮಾಸ್ತರ ಕೈಗೆ ಬಂದ ಸಾಕ್ಷಿಯನ್ನು ತಾನೇ ಅಳಿಸಿಹಾಕುತ್ತಾನೆ. ಸಕ್ರಿ, ಸಾಲಿ, ಮನಿ, ಬಾಳಿ ನಾಲ್ಕನ್ನೂ ಹಲಗೆಯ ಮೇಲೆ ಸಾಲಾಗಿ ಬರೆದರೆ ನಮ್ಮ ಕಡೆ ಕೊನೆಯ ಎಕಾರ ಇಕಾರವಾಗುತ್ತದೆ ಎಂಬುದು ಮಕ್ಕಳ ಕಣ್ಣಿಗೇ ಬೀಳುತ್ತದೆ. ಮಾತು ಮನಬಂದಂತೆ ಬದಲಾಗುವುದಿಲ್ಲ, ಸಾಲಾಗಿ ಬದಲಾಗುತ್ತದೆ ಎಂಬುದನ್ನು ಹೇಳಿಕೊಡಲು ಇದಕ್ಕಿಂತ ಸುಲಭದ ದಾರಿ ನನಗೆ ಸಿಕ್ಕಿಲ್ಲ. ಮುಂದಿನದೆಲ್ಲ ಇದರ ಮೇಲೇ ನಿಂತಿದೆ.

2. ಹೋಲಿಕೆಯನ್ನು ನಂಬಬೇಡಿ, ಪದ್ಧತಿಯನ್ನು ಕೇಳಿ

ಟಿ.ವಿ. ನೋಡಿ ಬಂದ ಹುಡುಗಿಯೊಬ್ಬಳು ಇಟಲಿಯಲ್ಲಿ ಚೆಲುವೆಗೆ ಬೆಲ್ಲ ಅನ್ನುತ್ತಾರೆ ಎಂದು ತರಗತಿಯನ್ನೆಲ್ಲ ನಗಿಸಿದ್ದಳು. ನಿಜ, ಇಟಾಲಿಯನ್ನಿನಲ್ಲಿ ಬೆಲ್ಲಾ ಅಂದರೆ ಸುಂದರಿ. ಅದರ ಹಿಂದೆ ಲ್ಯಾಟಿನ್ನಿನ ಬೆಲ್ಲುಸ್ ಇದೆ. ನಮ್ಮ ಬೆಲ್ಲದ ಹಿಂದೆ ಇರುವುದು ದ್ರಾವಿಡದ ವೆಲ್ಲಂ. ತಮಿಳರು ಇಂದಿಗೂ ವೆಲ್ಲಂ ಅನ್ನುತ್ತಾರೆ. ತಮಿಳಿನ ವಕಾರ ಕನ್ನಡದಲ್ಲಿ ಬಕಾರವಾಗುವುದು ಹೊಸದೇನಲ್ಲ: ವಾಯ್ ಬಾಯಿ, ವೇರ್ ಬೇರು, ವಾ ಬಾ. ಆ ಸಾಲಿನಲ್ಲೇ ವೆಲ್ಲಂ ಬೆಲ್ಲ. ಇಟಲಿಯ ಚೆಲುವೆಗೂ ನಮ್ಮ ಗಾಣಕ್ಕೂ ಯಾವ ಸಂಬಂಧವೂ ಇಲ್ಲ. ಎರಡು ಮಾತು ಒಂದೇ ಥರ ಕೇಳಿಸುವುದು ಬಹಳ ಸಲ ಬರೀ ಕಾಕತಾಳೀಯ.

ಸಕ್ಕರೆಗೂ ಇದೇ ಪರೀಕ್ಷೆ ಮಾಡಿ. ಸಂಸ್ಕೃತದ್ದು ಶರ್ಕರಾ. ಶಕಾರ ಸಕಾರವಾಗುವುದಕ್ಕೆ ಶುಂಠಿ ಸುಂಟಿ, ಶಯ್ಯಾ ಸಜ್ಜೆ ಇವೆ. ರ್ಕ ಕ್ಕ ಆಗುವುದಕ್ಕೆ ಅರ್ಕ ಎಕ್ಕ, ಕರ್ಕಶ ಕಕ್ಕಸ ಇವೆ. ಕೊನೆಯ ಆಕಾರ ಎಕಾರವಾಗುವುದಕ್ಕೆ ಮಾಲಾ ಮಾಲೆ, ದಯಾ ದಯೆ. ಮೂರು ಬದಲಾವಣೆ, ಮೂರಕ್ಕೂ ಬೇರೆ ಮಾತುಗಳ ಬೆಂಬಲ. 13ನೇ ಶತಮಾನದಲ್ಲೇ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಅಪಭ್ರಂಶ ಪ್ರಕರಣ ಎಂದು ಒಂದು ಭಾಗವನ್ನೇ ಇದಕ್ಕೆ ಮೀಸಲಿಟ್ಟ. ನಾವು ಅದನ್ನು ಪರೀಕ್ಷೆಗೆ ಬಾಯಿಪಾಠ ಮಾಡಿಸುವ ಪಟ್ಟಿಯಾಗಿ ಇಳಿಸಿದ್ದೇವೆ. ಅದು ಪಟ್ಟಿಯಲ್ಲ, ಒರೆಗಲ್ಲು.

3. ನೆರೆಮನೆಯವರನ್ನು ಸುಮ್ಮನೆ ಸಂಶಯಿಸಬೇಡಿ

ಹುಕ್ಕೇರಿ, ಸಂಕೇಶ್ವರದ ಕಡೆ ಮರಾಠಿ ಮನೆಯ ಅಂಗಳದಲ್ಲೇ ಇದೆ. ಸಂಕೇಶ್ವರದ ಸಂತೆಯಲ್ಲಿ ಒಂದೇ ಅಂಗಡಿಯ ಮುಂದೆ ಒಬ್ಬರು ಸಕ್ರಿ ಅನ್ನುತ್ತಾರೆ, ಇನ್ನೊಬ್ಬರು ಸಾಖರ ಅನ್ನುತ್ತಾರೆ. "ನಮ್ದು ಮರಾಠಿಯಿಂದನ ಬಂದಿರ್ಬೇಕು ಬಿಡ್ರಿ" ಎಂದು ಸಹೋದ್ಯೋಗಿಗಳೇ ನನಗೆ ಹೇಳಿದ್ದುಂಟು.

ಮಾತಿನ ಒಳಗೇ ಇದಕ್ಕೆ ಉತ್ತರವಿದೆ. ಪ್ರಾಕೃತದ ಇಮ್ಮಡಿ ವ್ಯಂಜನ ಮರಾಠಿಯಲ್ಲಿ ಒಂಟಿಯಾಗುತ್ತದೆ, ಅದರ ಹಿಂದಿನ ಸ್ವರ ಉದ್ದವಾಗುತ್ತದೆ. ಹಸ್ತ ಹತ್ಥವಾಗಿ ಆಮೇಲೆ ಹಾತ್ ಆಯಿತು, ಸಪ್ತ ಸತ್ತವಾಗಿ ಆಮೇಲೆ ಸಾತ್ ಆಯಿತು. ಹಾಗೆಯೇ ಶರ್ಕರಾ ಸಕ್ಖರಾ ಆಗಿ ಆಮೇಲೆ ಸಾಖರ ಆಯಿತು. ನಮ್ಮ ಸಕ್ಕರೆಯಲ್ಲಿ ಒತ್ತಕ್ಷರ ಹಾಗೇ ಇದೆ, ಮೊದಲ ಸ್ವರ ಗಿಡ್ಡಾಗಿಯೇ ಇದೆ. ಅಂದರೆ ಮರಾಠಿ ಈಗಿನ ರೂಪಕ್ಕೆ ಬರುವ ಮುಂಚೆಯೇ, ಪ್ರಾಕೃತದ ಕಾಲದಲ್ಲೇ, ಕನ್ನಡ ಈ ಮಾತನ್ನು ಮನೆಗೆ ತಂದುಕೊಂಡಿತ್ತು. ಗಡಿ ತಂಟೆಯ ಭಾಷಣ ಮಾಡುವವರಿಗೆ ಇದು ಬೇಕಾಗಲಿಕ್ಕಿಲ್ಲ. ತರಗತಿಗೆ ಬೇಕು.

4. ಗಿಡದ ತವರು ಬೇರೆ, ಕಸುಬಿನ ತವರು ಬೇರೆ, ಮಾತಿನ ತವರು ಬೇರೆ

ಸಿಹಿ ಕಬ್ಬು ಮೊದಲು ಬೇಸಾಯಕ್ಕೆ ಒಗ್ಗಿದ್ದು ನ್ಯೂಗಿನಿಯಲ್ಲಿ. ಅಲ್ಲಿಂದ ದ್ವೀಪ ದ್ವೀಪ ದಾಟಿ ಭಾರತಕ್ಕೆ ಬಂತು. ಕಬ್ಬು ಎಂಬ ಮಾತು ಆ ಕಡೆಯದಲ್ಲ, ಅಚ್ಚ ದ್ರಾವಿಡ. ತಮಿಳಿನ ಕರುಂಬು, ಹಳಗನ್ನಡದ ಕರ್ಬು, ಈಗಿನ ಕಬ್ಬು. ಇನ್ನು ಕಬ್ಬಿನ ಹಾಲು ಕುದಿಸಿ ಹರಳುಗಟ್ಟಿಸುವ ಕಸುಬು ಭಾರತದ್ದು. ಆ ಹರಳಿಗೆ ಇಟ್ಟ ಹೆಸರೇ ಶರ್ಕರಾ.

ಶರ್ಕರಾ ಅಂದರೆ ಮೊದಲ ಅರ್ಥದಲ್ಲಿ ಸಿಹಿಯಲ್ಲ, ನುಚ್ಚುಗಲ್ಲು, ಗರಸು. ಆಯುರ್ವೇದದವರು ಮೂತ್ರದಲ್ಲಿ ಬರುವ ಹರಳಿಗೂ ಶರ್ಕರಾ ಅನ್ನುತ್ತಾರೆ. ಮೂಡಲಗಿ ಕಡೆಯ ಗಾಣದ ಮನೆಯಲ್ಲಿ ಕೊಪ್ಪರಿಗೆಯ ಮುಂದೆ ನಿಂತರೆ ಈ ಅರ್ಥ ತಾನಾಗಿಯೇ ತಿಳಿಯುತ್ತದೆ. ಬೆಂಡೆ ಗಿಡದ ಲೋಳೆ ಹಾಕಿ ಕೊಳೆ ತೆಗೆದು, ಪಾಕ ಬಂತೋ ಇಲ್ಲವೋ ಎಂದು ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ನೋಡುತ್ತಾರೆ. ಪಾಕ ಆರುತ್ತ ಬಂದಾಗ ಬೆಲ್ಲದ ಒಳಗೆ ಸಣ್ಣ ಸಣ್ಣ ಹರಳು ಎದ್ದು ನಾಲಗೆಗೆ ಮರಳಿನಂತೆ ಹತ್ತುತ್ತವೆ. ಇದನ್ನು ಮೊದಲು ಕಂಡವನು ಗರಸು ಅಂದದ್ದರಲ್ಲಿ ಆಶ್ಚರ್ಯವಿಲ್ಲ. ನಾವೋ, ಕಲ್ಲು ಎಂಬ ಅರ್ಥವನ್ನು ಮರೆತ ಮೇಲೆ ಅದಕ್ಕೆ ಮತ್ತೊಮ್ಮೆ ಕಲ್ಲು ಸೇರಿಸಿ ಕಲ್ಲುಸಕ್ಕರೆ ಮಾಡಿಕೊಂಡೆವು.

ಆದ್ದರಿಂದ ಮಾತಿನ ಮೂಲ ಹುಡುಕುವವನು ಒಮ್ಮೆಯಾದರೂ ಆ ಸರಕು ತಯಾರಾಗುವ ಜಾಗಕ್ಕೆ ಹೋಗಬೇಕು. ಕುರ್ಚಿಯಲ್ಲಿ ಕುಳಿತವನಿಗೆ ಸಿಹಿ ಮತ್ತು ಕಲ್ಲು ಎರಡೂ ಒಂದೇ ಮಾತಿನಲ್ಲಿ ಹೇಗೆ ಕೂಡಿದವೆಂದು ಹೊಳೆಯುವುದಿಲ್ಲ.

5. ಒಂದು ಸ್ವರ ಹಿಡಿದರೆ ಒಂದು ರಸ್ತೆ ಸಿಗುತ್ತದೆ

ನನಗೆ ಅತ್ಯಂತ ಇಷ್ಟದ ಪಾಠ ಇದು. ಭೂಪಟ ಮತ್ತು ಮೂರು ಬಣ್ಣದ ಸೀಮೆಸುಣ್ಣ ಇದ್ದರೆ ಸಾಕು.

ಯುರೋಪಿನ ಭಾಷೆಗಳಲ್ಲಿ ಸಕ್ಕರೆಗೆ ಏನನ್ನುತ್ತಾರೆಂದು ಹಲಗೆಯ ಮೇಲೆ ಬರೆಯಿರಿ. ಇಟಾಲಿಯನ್ ಜುಕ್ಕೆರೊ, ಫ್ರೆಂಚ್ ಸುಕ್ರ್, ಜರ್ಮನ್ ಝುಕರ್, ಹಂಗೇರಿಯನ್ ಸುಕೊರ್, ಪೋಲಿಷ್ ಸುಕಿಯೆರ್, ಇಂಗ್ಲಿಷ್ ಶುಗರ್, ಸ್ಪ್ಯಾನಿಷ್ ಅಸೂಕರ್, ಪೋರ್ಚುಗೀಸ್ ಅಸೂಕರ್. ಇವೆಲ್ಲದರ ನಡುವೆ ಉಕಾರ. ಆಮೇಲೆ ರಷ್ಯನ್ ಸಾಖರ್, ಬಲ್ಗೇರಿಯನ್ ಜಾಹರ್, ರುಮೇನಿಯನ್ ಜಹರ್, ಈಗಿನ ಗ್ರೀಕ್ ಜಾಖರಿ. ಇವುಗಳಲ್ಲಿ ಅಕಾರ. ಕೊನೆಗೆ ಸರ್ಬಿಯನ್ ಶೆಚೆರ್, ಅಲ್ಬೇನಿಯನ್ ಶೆಚೆರ್. ಇವುಗಳಲ್ಲಿ ಎಕಾರ.

ಉಕಾರ ಅರಬರದ್ದು. ಭಾರತದ ಮಾತು ಪರ್ಷಿಯಾದಲ್ಲಿ ಶಕರ್ ಆಗಿ, ಅರಬ್ಬಿಯಲ್ಲಿ ಸುಕ್ಕರ್ ಆಯಿತು. ಅರಬರು ಮಾತನ್ನಷ್ಟೇ ಒಯ್ಯಲಿಲ್ಲ, ಕಬ್ಬನ್ನೂ ಗಾಣವನ್ನೂ ಒಯ್ದು ಸಿಸಿಲಿಯಲ್ಲಿ, ಸ್ಪೇನಿನಲ್ಲಿ ನಾಟಿ ಮಾಡಿಸಿದರು. ಸ್ಪೇನ್, ಪೋರ್ಚುಗಲ್‌ನವರು ಅರಬರ ಜೊತೆ ಶತಮಾನಗಳ ಕಾಲ ಬಾಳಿದವರು. ಅವರ ಕಿವಿಗೆ ಬಿದ್ದದ್ದು 'ಅಲ್' ಎಂಬ ಮುಂಪದ ಸೇರಿದ ಅಸ್ಸುಕ್ಕರ್. ಅದನ್ನು ಇಡಿಯಾಗಿ ಎತ್ತಿಕೊಂಡು ಅಸೂಕರ್ ಅಂದರು. ಇಟಲಿಯವರು ವ್ಯಾಪಾರಿಗಳು, ಬರೀ ಸುಕ್ಕರ್ ಸಾಕೆಂದರು. ಇಟಲಿಯ ಬಂದರುಗಳಿಂದ ಅದು ಫ್ರಾನ್ಸಿಗೆ, ಜರ್ಮನಿಗೆ ಹೋಯಿತು. ಫ್ರಾನ್ಸಿನಿಂದ ಇಂಗ್ಲೆಂಡಿಗೆ ಹೋಯಿತು. ಆ ಹುಡುಗನ ಪ್ರಶ್ನೆಗೆ ಉತ್ತರ ಇಲ್ಲಿದೆ: ಸಕ್ರಿಯೂ ಶುಗರ್‌ನಿಂದ ಬಂದಿಲ್ಲ, ಶುಗರ್ ಕೂಡ ಸಕ್ರಿಯಿಂದ ಬಂದಿಲ್ಲ. ಎರಡೂ ಶರ್ಕರಾದ ಮೊಮ್ಮಕ್ಕಳು, ಒಂದು ತವರಲ್ಲೇ ಉಳಿಯಿತು, ಇನ್ನೊಂದು ಬಾಗ್ದಾದ್ ಸುತ್ತಿಕೊಂಡು ಹೋಯಿತು.

ಅಕಾರದ ರಸ್ತೆ ಇದಕ್ಕಿಂತ ಹಳೆಯದು. ಕ್ರಿ.ಶ. 1ನೇ ಶತಮಾನದ ಗ್ರೀಕ್ ವೈದ್ಯ ಡಯಾಸ್ಕೊರಿಡಿಸ್ ಭಾರತದ ಜೊಂಡಿನಲ್ಲಿ ಸಿಗುವ, ಉಪ್ಪಿನಂತೆ ಹಲ್ಲಿಗೆ ಕಟುಂ ಎನ್ನುವ ಒಂದು ಬಗೆಯ ಜೇನನ್ನು ಸಾಕ್ಖರೋನ್ ಎಂಬ ಹೆಸರಿನಿಂದ ಬಣ್ಣಿಸಿದ್ದಾನೆ. ಅದೇ ಶತಮಾನದ ಕಡಲ ವ್ಯಾಪಾರದ ಕೈಪಿಡಿ ಪೆರಿಪ್ಲಸ್‌ನಲ್ಲಿ ಹಡಗಿಗೆ ಏರುತ್ತಿದ್ದ ಸರಕುಗಳ ನಡುವೆ ಸಾಕ್ಖರಿ ಇದೆ. ಆ ಗ್ರೀಕ್ ರೂಪವನ್ನು ಸ್ವಲ್ಪ ನೋಡಿ. ರ್ಕ ಇಲ್ಲ, ಕ್ಖ ಇದೆ. ಮರಾಠಿಯ ಸಾಖರದ ಹಿಂದೆ ನಾವು ಕಂಡ ಪ್ರಾಕೃತದ ಸಕ್ಖರಾ ಇದೇ. ಗ್ರೀಕರಿಗೆ ಈ ಮಾತು ಕಲಿಸಿದವರು ಸಂಸ್ಕೃತದ ಪಂಡಿತರಲ್ಲ, ಪ್ರಾಕೃತ ಆಡುತ್ತಿದ್ದ ಪಡುವಣ ಬಂದರುಗಳ ವ್ಯಾಪಾರಸ್ಥರು. ಗ್ರೀಸಿನಲ್ಲಿ ಅದು ಅಡಿಗೆಮನೆಗೆ ಹೋಗಲಿಲ್ಲ, ಔಷಧಿ ಡಬ್ಬಿಗೆ ಹೋಯಿತು. ಮುಂದೆ ಬೈಜಾಂಟಿಯಮ್ ಮೂಲಕ ರಷ್ಯಕ್ಕೆ, ಬಾಲ್ಕನ್ನಿನ ಊರುಗಳಿಗೆ ಹಬ್ಬಿತು.

ಎಕಾರ ತುರ್ಕರದ್ದು. ಅವರ ಶೆಕೆರ್ ಆಟೊಮನ್ ಸೈನ್ಯ, ಸಂತೆಗಳ ಜೊತೆ ಸರ್ಬಿಯ, ಅಲ್ಬೇನಿಯಾಗಳಿಗೆ ಹೋಯಿತು.

ಮಕ್ಕಳು ಮೂರು ಬಣ್ಣದಲ್ಲಿ ಭೂಪಟ ತುಂಬಿದಾಗ ಯುರೋಪಿನ ವ್ಯಾಪಾರದ ಚರಿತ್ರೆಯೇ ಅಲ್ಲಿ ನಿಂತಿರುತ್ತದೆ. ರುಮೇನಿಯದ ಜಹರ್ ಹತ್ತಿರ ಬಂದಾಗ ಮಾತ್ರ ಉರ್ದು ಮನೆಯ ಮಕ್ಕಳು ಬಿದ್ದು ಬಿದ್ದು ನಗುತ್ತಾರೆ. ಅವರ ಮನೆಯಲ್ಲಿ ಜಹರ್ ಅಂದರೆ ವಿಷ. "ಅಲ್ಲಿ ಚಾಕ್ಕ ಜಹರ್ ಹಾಕ್ಕೊಂಡ ಕುಡೀತಾರೇನ್ರಿ ಸರ?" ಎರಡನೆಯ ಪಾಠವನ್ನು ಮತ್ತೊಮ್ಮೆ ಹೇಳಲು ಅದು ಒಳ್ಳೆಯ ಗಳಿಗೆ.

6. ಮಾತು ಒಂದೇ ಆದರೂ ಡಬ್ಬಿಯೊಳಗಿನ ಸರಕು ಒಂದೇ ಅಲ್ಲ

ನಮಗೆ ಸಕ್ಕರೆ ಬಿಳಿಯದು, ಬೆಲ್ಲ ಕೆಂಚಗಿನದು, ಎರಡಕ್ಕೂ ಜಗಳವಿಲ್ಲ. ಕೇರಳಕ್ಕೆ ಹೋದರೆ ಶರ್ಕ್ಕರ ಅಂದರೆ ಬೆಲ್ಲ, ಬಿಳಿಯದಕ್ಕೆ ಪಂಚಸಾರ. ತಮಿಳರ ಸರ್ಕ್ಕರೈ ಪೊಂಗಲ್‌ಗೆ ಬೀಳುವುದು ಬೆಲ್ಲವೇ. ಉತ್ತರದವರು ಬಿಳಿಯದನ್ನು ಚೀನಿ ಎಂದು ಚೀನಾದೇಶದ ಹೆಸರಿನಿಂದ, ಕಲ್ಲುಸಕ್ಕರೆಯನ್ನು ಮಿಶ್ರಿ ಎಂದು ಈಜಿಪ್ಟಿನ ಹೆಸರಿನಿಂದ ಕರೆಯುತ್ತಾರೆ. ವಿಚಿತ್ರ ನೋಡಿ. ಸಕ್ಕರೆ ಮಾಡುವ ಕಸುಬು ಕಲಿತುಬರಲು ಚೀನಾದ ಟಾಂಗ್ ಚಕ್ರವರ್ತಿ ತೈಜಾಂಗ್ 7ನೇ ಶತಮಾನದಲ್ಲಿ ಮಗಧಕ್ಕೆ ಜನ ಕಳಿಸಿದ್ದ. ಕಲಿತವರ ಹೆಸರೇ ಕಲಿಸಿದವರ ಮನೆಯ ಡಬ್ಬಿಯ ಮೇಲೆ ಕುಳಿತಿತು.

ಕೇರಳದಲ್ಲಿ ಶರ್ಕ್ಕರ ಅಂದರೆ ಬೆಲ್ಲ ಎಂಬುದನ್ನು ಬಿಟ್ಟರೆ ಜಾಗರಿ ಅರ್ಥವಾಗುವುದಿಲ್ಲ. ನಮ್ಮ ಬೆಲ್ಲ ಹೊರದೇಶಕ್ಕೆ ಹೋಗುವಾಗ ಪೊಟ್ಟಣದ ಮೇಲೆ ಜಾಗರಿ ಎಂದು ಬರೆದಿರುತ್ತದೆ. ಬೆಲ್ಲಕ್ಕೂ ಜಾಗರಿಗೂ ಒಂದು ಅಕ್ಷರವೂ ಕೂಡುವುದಿಲ್ಲ. ಮಲಬಾರಿಗೆ ಬಂದ ಪೋರ್ಚುಗೀಸರು ಅಲ್ಲಿಯವರ ಬಾಯಲ್ಲಿ ಚಕ್ಕರ ಎಂದು ಕೇಳಿ ಜಾಗರ ಎಂದು ಬರೆದುಕೊಂಡರು. ಇಂಗ್ಲಿಷರು ಅದನ್ನು ಜಾಗರಿ ಮಾಡಿದರು. ಯೂಲ್ ಮತ್ತು ಬರ್ನೆಲ್ 1886ರಲ್ಲಿ ತಂದ ಹಾಬ್ಸನ್-ಜಾಬ್ಸನ್ ಕೋಶದಲ್ಲಿ ಈ ಕತೆ ಇದೆ. ಅಂದರೆ ಒಂದೇ ಶರ್ಕರಾ ಇಂಗ್ಲಿಷಿನ ಮನೆಗೆ ಮೂರು ಬಾಗಿಲಿನಿಂದ ಹೊಕ್ಕಿದೆ: ಅರಬರ ಕೈಯಿಂದ ಶುಗರ್, ಗ್ರೀಕರ ಕೈಯಿಂದ ಸ್ಯಾಕರಿನ್, ಪೋರ್ಚುಗೀಸರ ಕೈಯಿಂದ ಜಾಗರಿ. ಅವುಗಳಲ್ಲಿ ಸ್ಯಾಕರಿನ್ ಸಕ್ಕರೆಯೇ ಅಲ್ಲ. 1879ರಲ್ಲಿ ಫಾಲ್‌ಬರ್ಗ್ ಎಂಬ ರಸಾಯನಶಾಸ್ತ್ರಜ್ಞನಿಗೆ ಡಾಂಬರಿನ ಪ್ರಯೋಗದಲ್ಲಿ ಸಿಕ್ಕ ಸಿಹಿ ಪುಡಿ ಅದು.

7. ಬೇರೊಂದು ಮಾತಿನ ಮೇಲೆ ಪ್ರಯೋಗ ಮಾಡಿ ನೋಡಿ

ಸಕ್ಕರೆಯಲ್ಲಿ ಕಲಿತದ್ದು ಸರಿಯೋ ಎಂದು ನೋಡಲು ಚಾ ಸಾಕು. ನಮ್ಮಲ್ಲಿ ಚಾ, ಚಹಾ. ಮೈಸೂರು ಕಡೆ ಟೀ. 1956ರವರೆಗೆ ನಾವು ಮುಂಬಯಿ ಸರ್ಕಾರದ ಕೆಳಗಿದ್ದವರು, ಮರಾಠಿಯ ಚಹಾದ ದಾರಿಯಲ್ಲಿದ್ದವರು. ಅತ್ತ ಇಂಗ್ಲಿಷಿನ ನೆರಳು ಹೆಚ್ಚು. ಯುರೋಪಿನಲ್ಲೂ ಎರಡೇ ಬಣ. ಮಕಾವಿನಲ್ಲಿ ನೆಲೆಯೂರಿದ ಪೋರ್ಚುಗೀಸರು ಅಲ್ಲಿಯ ಚೀನೀಯರಿಂದ ಚಾ ಕಲಿತರು, ಫುಜಿಯನ್ ಕರಾವಳಿಯ ವ್ಯಾಪಾರಸ್ಥರ ಜೊತೆ ವ್ಯವಹರಿಸಿದ ಡಚ್ಚರು ತೇ ಕಲಿತು ಫ್ರೆಂಚ್, ಜರ್ಮನ್, ಇಂಗ್ಲಿಷಿಗೆಲ್ಲ ಹಂಚಿದರು. ನೆಲದ ದಾರಿಯಲ್ಲಿ ತರಿಸಿಕೊಂಡ ರಷ್ಯನ್ನರದ್ದು ಚಾಯ್. ಪೋಲಿಷರು ಮಾತ್ರ ಮೂಲಿಕೆ ಎಂಬ ಲ್ಯಾಟಿನ್ ಮಾತನ್ನು ಮುಂದೆ ಅಂಟಿಸಿ ಹೆರ್ಬಾತಾ ಮಾಡಿಕೊಂಡಿದ್ದಾರೆ. ಪೋರ್ಚುಗೀಸರ ಇನ್ನೊಂದು ಮಾತು ನಮ್ಮ ಅಡಿಗೆಮನೆಯಲ್ಲೇ ಇದೆ, ಬಟಾಟಿ. ಗೋವಾ ನಮಗೆ ದೂರವೇನಲ್ಲ.

8. ಊರವರ ಕತೆಗೆ ನಗಬೇಡಿ, ಆದರೆ ಸಹಿಯನ್ನೂ ಹಾಕಬೇಡಿ

ಹೂವಿನ ಕೇರಿಯೇ ಹುಕ್ಕೇರಿ ಆಯಿತು, ಇಲ್ಲಿಂದ ವಿಜಯಪುರದ ಸುಲ್ತಾನರಿಗೆ ಗುಲಾಬಿ ಹೋಗುತ್ತಿತ್ತು ಎಂದು ಹುಕ್ಕೇರಿಯವರು ಹೇಳುತ್ತಾರೆ. ಊರಿನಲ್ಲಿ ಆದಿಲ್‌ಶಾಹಿ ಕಾಲದ ಗುಮ್ಮಟಗಳಿವೆ, ಕತೆಗೆ ಬೆನ್ನಾಗಿ ನಿಂತಂತೆ ಕಾಣುತ್ತವೆ. ಆದರೆ ಕೇಳಬೇಕಾದ ಪ್ರಶ್ನೆ ಬೇರೆ: ಆ ಸುಲ್ತಾನರಿಗಿಂತ ಹಿಂದಿನ ಶಾಸನದಲ್ಲಿ ಊರಿನ ಹೆಸರು ಹೇಗಿದೆ? ಮೂಡಲಗಿಯಲ್ಲಿ ಮೂಡಲು ಎದ್ದು ಕಾಣುತ್ತದೆ. ಹಾಗಾದರೆ ಯಾವ ಊರಿಗೆ ಮೂಡಲು? ಮಕ್ಕಳಿಗೆ ಉತ್ತರ ಹೇಳಬೇಡಿ, ಈ ಪ್ರಶ್ನೆ ಕೊಟ್ಟು ಬಿಡಿ. ಗೋಕಾಕದ ಕರದಂಟಿನಲ್ಲಿ ಮಾತ್ರ ಇಷ್ಟೆಲ್ಲ ತಕರಾರಿಲ್ಲ. ಅಂಟನ್ನು ತುಪ್ಪದಲ್ಲಿ ಕರಿದು ಬೆಲ್ಲದ ಪಾಕಕ್ಕೆ ಹಾಕುವುದನ್ನು ಕಣ್ಣಾರೆ ನೋಡಬಹುದು, ಹೆಸರು ಕಡಾಯಿಯಲ್ಲೇ ಇದೆ.

ನಿಘಂಟುಗಳ ವಿಷಯದಲ್ಲೂ ಇದೇ ಮಾತು. ಕಿಟ್ಟೆಲ್‌ರ 1894ರ ಕೋಶ, ಬರೋ ಮತ್ತು ಎಮಿನೋರ ದ್ರಾವಿಡ ಕೋಶ ಎರಡನ್ನೂ ಒಟ್ಟಿಗೆ ತೆರೆದಿಡಿ. ಮೊದಲನೆಯದರಲ್ಲಿ ಸಕ್ಕರೆ ಸಿಗುತ್ತದೆ, ಎರಡನೆಯದರಲ್ಲಿ ಕಬ್ಬು, ಬೆಲ್ಲ ಸಿಗುತ್ತವೆ. ದ್ರಾವಿಡ ಕೋಶದಲ್ಲಿ ಸಕ್ಕರೆ ಯಾಕಿಲ್ಲ ಎಂಬುದೇ ಒಂದು ಪಾಠ.

9. ಇವತ್ತು ಬರುತ್ತಿರುವ ಮಾತನ್ನು ಇವತ್ತೇ ಬರೆದಿಡಿ

ಸಕ್ಕರೆ ಕನ್ನಡಕ್ಕೆ ಬಂದಾಗ ಯಾರೂ ದಿನಾಂಕ ಬರೆದಿಡಲಿಲ್ಲ, ಅದಕ್ಕೇ ನಾವು ಒತ್ತಕ್ಷರ ಎಣಿಸುತ್ತ ಕೂತಿದ್ದೇವೆ. ಈಗ ನಮ್ಮ ಕಣ್ಣೆದುರೇ ಮಾತುಗಳು ಬರುತ್ತಿವೆ. ಕಾರ್ಖಾನೆಯ ಲ್ಯಾಬಿನಲ್ಲಿ ಸುಕ್ರೋಸ್ ಇದೆ, ಅದು ಫ್ರೆಂಚರ ಸುಕ್ರ್. ಕಾಕಂಬಿಯಿಂದ ಇಥೆನಾಲ್ ಮಾಡುವ ಡಿಸ್ಟಿಲರಿಯಲ್ಲಿ ಸ್ಯಾಕರೋಮೈಸಿಸ್ ಎಂಬ ಯೀಸ್ಟ್ ಇದೆ, ಗ್ರೀಕರ ಸಾಕ್ಖರೋನ್‌ಗೆ ಅಣಬೆ ಎಂಬ ಮಾತು ಅಂಟಿದ ಹೆಸರು. ಹೊಲದಲ್ಲಿ ನಿಂತ ಕಬ್ಬಿನ ಶಾಸ್ತ್ರೀಯ ಹೆಸರೇ ಸ್ಯಾಕರಮ್. ರೈತನ ಬಾಯಿಗೆ ಇವು ಇನ್ನೂ ಹತ್ತಿಲ್ಲ.

ಹತ್ತಿರುವುದು ರಿಕವರಿ, ಅಂದರೆ ಕಬ್ಬಿನಿಂದ ಸಿಗುವ ಸಕ್ಕರೆಯ ಪ್ರಮಾಣ. 2025ರ ನವೆಂಬರ್‌ನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಟನ್ನಿಗೆ 3,500 ರೂಪಾಯಿ ಕೇಳಿ ಬೆಳೆಗಾರರು ರಸ್ತೆಯ ಮೇಲೆ ಕುಳಿತಿದ್ದರು. ಆ ಹಂಗಾಮಿಗೆ ಕೇಂದ್ರ ಗೊತ್ತುಮಾಡಿದ್ದ ನ್ಯಾಯಯುತ ಮತ್ತು ಲಾಭದಾಯಕ ದರ, ಅಂದರೆ ಎಫ್‌ಆರ್‌ಪಿ 10.25 ಶೇಕಡಾ ರಿಕವರಿಗೆ ಟನ್ನಿಗೆ 3,550. ಕಟಾವು, ಸಾಗಣೆಯ ಖರ್ಚು ಅದರಲ್ಲೇ ಕಳೆಯುತ್ತದೆ, ರಿಕವರಿ ಇಳಿದರೆ ದರವೂ ಇಳಿಯುತ್ತದೆ. ಸರ್ಕಾರಿ ಕಾಗದದಲ್ಲಿ ರಿಕವರಿಗೆ ಸಕ್ಕರೆ ಇಳುವರಿ ಎಂಬ ಹೆಸರಿದೆ. ಆದರೆ ಓದು ಬಾರದ ಅಜ್ಜನೂ "ರಿಕವರಿ ಎಷ್ಟ್ ಬಿತ್ತೋ ತಮ್ಮಾ" ಎಂದೇ ಕೇಳುತ್ತಾನೆ. ನಮ್ಮ ಕಡೆ ಇಳುವರಿ ಅಂದರೆ ಎಕರೆಗೆ ಎಷ್ಟು ಟನ್ ಎಂಬ ಅರ್ಥ ಮೊದಲೇ ಗಟ್ಟಿಯಾಗಿತ್ತು. ಟನ್ನಿಗೆ ಎಷ್ಟು ಸಕ್ಕರೆ ಎಂಬುದಕ್ಕೆ ಬೇರೆ ಮಾತು ಬೇಕಾಗಿತ್ತು, ಅದಕ್ಕೇ ಇಂಗ್ಲಿಷಿನದು ನಿಂತಿತು.

ಇಂಥ ಮಾತಿಗೆ ಒಂದು ವಹಿ ಇಡಿ. ಮಾತು, ಹೇಳಿದವರ ಕಸುಬು, ವಯಸ್ಸು, ಊರು, ತಾರೀಖು. ಕಬ್ಬು ಕಡಿಯಲು ಬರುವ ಗ್ಯಾಂಗಿನವರ ಮರಾಠಿ ಮಾತುಗಳಿಗೆ ಬೇರೆ ಪುಟ. ರಿಕವರಿ ನಮ್ಮೂರಿಗೆ ಯಾವಾಗ ಬಂತ್ರಿ ಎಂದು ಯಾವನಾದರೂ ಕೇಳಿದರೆ, ಟ್ರಂಕಿನಲ್ಲಿ ಅಜ್ಜ ಮಡಚಿಟ್ಟ ಕಾರ್ಖಾನೆಯ ಹಳೆ ಬಿಲ್ಲುಗಳನ್ನು ವರ್ಷದ ಪ್ರಕಾರ ಜೋಡಿಸಿ ತರಲು ಹೇಳಿ.